ತಲೆದೆಸೆಯ ಅನ್ನ

ಎರಡನೆಯ ಹಂಡೆಯ ಅನ್ನವನ್ನೂ ಮಸಾಕಿಚಿ ಹಿತ್ತಿಲ ಬಾಗಿಲಿನಾಚೆ, ಅಲೆತಡೆಯ ಕಲ್ಲುಗಳ ಮೇಲೆ ಬೋರಲು ಹಾಕಿದ. ಬೆಳಗಿನ ಜಾವದ ಮೊದಲ ಹಂಡೆಯದು ಮುದ್ದೆಮುದ್ದೆಯಾಗಿ ಬಿದ್ದಿತ್ತು. ಇದು ಜಲ್ಲಿಯ ಹಾಗೆ ಸದ್ದು ಮಾಡುತ್ತ ಸುರಿಯಿತು. ಮುದ್ದೆಯನ್ನು ಕಿತ್ತಾಡಿಕೊಂಡು ತಿನ್ನುತ್ತಿದ್ದ ಕಡಲಕ್ಕಿಗಳು ಒಂದು ಸಲ ಕುಪ್ಪಳಿಸಿ ಬಂದು, ಹೊಸ ಅನ್ನದ ಎರಡು ಅಗುಳು ಎತ್ತಿ ನೋಡಿ, ಮತ್ತೆ ಮುದ್ದೆಯ ಕಡೆಗೇ ಹೋದವು.

"ನಿಮಗೂ ಬೇಡ್ವೇನ್ರೋ?" ಎಂದ ಮಸಾಕಿಚಿ. ಹಂಡೆಯನ್ನು ಕಾಲಿನಿಂದ ಒದೆಯಬೇಕೆನ್ನಿಸಿತು. ಒದೆಯಲಿಲ್ಲ, ಅದು ಹೆಂಡತಿಯ ಹಂಡೆ.

ಬಾಗಿಲಲ್ಲಿ ಮಗಳು ಯುಕಿನೊ ಕರಿಯ ಉಡುಪಿನಲ್ಲಿ ನಿಂತಿದ್ದಳು. ಊರಿನಲ್ಲೇ ಮೂರು ಬೀದಿ ಆಚೆ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದವಳು. ಎರಡು ದಿನದಿಂದ ನಿದ್ದೆಯಿಲ್ಲದ ಕಣ್ಣು.

"ಅಪ್ಪಾ, ಸಾಕು ಮಾಡು. ಒಂಬತ್ತೂವರೆ ಆಯ್ತು. ಹನ್ನೊಂದಕ್ಕೆ ಭಿಕ್ಷುಗಳು ಬರ್ತಾರೆ, ಹನ್ನೆರಡೂವರೆಗೆ ಅಮ್ಮನ್ನ ಎತ್ತಬೇಕು. ಕೋಟಿನ ತೋಳು ನೋಡ್ಕೋ, ಪೂರಾ ಗಂಜಿ."

"ಅವಳ ತಲೆ ಹತ್ರ ಇಟ್ಟಿದಾರಲ್ಲ, ಅದನ್ನ ಮುಟ್ಟಿ ನೋಡಿದೀಯಾ ನೀನು?"

"ಅನ್ನ. ಇನ್ನೇನು?"

"ಡಬ್ಬಿ ಅನ್ನ! ಅಂತ್ಯಸಂಸ್ಕಾರದ ಕಂಪನಿಯೋನು ಕಾಗದ ಹರಿದು, ಎರಡು ನಿಮಿಷ ಬಿಸಿ ಮಾಡಿ, ಬೋರಲು ಹಾಕಿದಾನೆ. ಡಬ್ಬಿಯ ಗೆರೆ ಕೂಡ ಮೈಮೇಲೆ ಹಂಗೇ ಇದೆ. ನಿಮ್ಮಮ್ಮ ಈ ಮನೇಲಿ ನಲವತ್ತೊಂದು ವರ್ಷ ಅನ್ನ ಮಾಡಿದಾಳೆ ಕಣೇ. ಡಬ್ಬಿ ಅನ್ನ ತಿನ್ನಿಸಿ ಕಳಿಸ್ತೀಯಾ ಅವಳನ್ನ?"

ಒಳಕೋಣೆಯಲ್ಲಿ, ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ ಮಸಾಕಿಚಿಯ ಹೆಂಡತಿ ಹಿಸಾನೊಳ ತಲೆದೆಸೆಯಲ್ಲಿ, ಊದುಬತ್ತಿಯ ಪಕ್ಕ, ಗೋಪುರದಂತೆ ಏರಿಸಿದ ಆ ಒಂದು ಬಟ್ಟಲು ಅನ್ನವೂ ಅದರ ನೆತ್ತಿಯಲ್ಲಿ ನೆಟ್ಟಗೆ ನೆಟ್ಟ ಊಟದ ಜೋಡಿ ಕಡ್ಡಿಗಳೂ ಮೊನ್ನೆಯಿಂದ ಇದ್ದವು. ದಾರಿಗೆ ಹೊರಟವರಿಗೆ ಮನೆಯ ಕೊನೆಯ ತುತ್ತು. ಮೊನ್ನೆ ಯಾರಿಗೂ ಅದನ್ನು ನೋಡುವ ಕಣ್ಣಿರಲಿಲ್ಲ. ನಿನ್ನೆ ಹೆಣ ಎತ್ತುವ ಹಾಗಿರಲಿಲ್ಲ; ಪಂಚಾಂಗದಲ್ಲಿ ನಿನ್ನೆಯದು ಸತ್ತವರು ಗೆಳೆಯರನ್ನೂ ಜೊತೆಗೆ ಎಳೆದುಕೊಂಡು ಹೋಗುವ ದಿನ, ಚಿತಾಗಾರಕ್ಕೇ ರಜೆ. ಇಂದು ನಸುಕಿನಲ್ಲಿ ಒಬ್ಬನೇ ಕೂತು ಬತ್ತಿ ಬದಲಾಯಿಸುವಾಗ ಮಸಾಕಿಚಿ ಆ ಅನ್ನವನ್ನು ನೋಡಿದ. ಬೆರಳಿನಿಂದ ಒತ್ತಿದ. ಅದು ರಬ್ಬರಿನಂತೆ ತಗ್ಗಿ, ಮತ್ತೆ ಮೊದಲಿನಂತೆ ಎದ್ದು ನಿಂತಿತು.

ಆಗಿನಿಂದ ಅವನು ಅಡುಗೆಮನೆಯಲ್ಲಿದ್ದಾನೆ. ಬೀದಿಯ ಕಡೆಗೆ ನೀಲಿ ಬಟ್ಟೆಯ ಪರದೆ ಇಳಿಬಿಟ್ಟು, ಅದರ ಮೇಲೆ ತನ್ನ ಹೆಸರು ಬರೆಸಿಕೊಂಡ ಅನ್ನದ ಬಟ್ಟಲಿನ ಅಂಗಡಿಯ ಯಜಮಾನ. ಒಂದು ಬಟ್ಟಲು ಅನ್ನ ಬೇಯಿಸಲಾರದೆ ಅಕ್ಕಿಯ ಚೀಲದ ಮುಂದೆ ನಿಂತಿದ್ದಾನೆ.

"ನಂಗೆ ಇನ್ನೊಂದು ಸಲ ಅಕ್ಕಿ ತೊಳೆದು ಕೊಡು," ಎಂದ. ಧ್ವನಿ ತಗ್ಗಿತ್ತು. "ಮೂರನೇದು ಸರಿ ಬರುತ್ತೆ."

*

ಅವನ ಬಲಗೈಯ ತೋರುಬೆರಳು ಮೊದಲ ಗೆಣ್ಣಿಗೇ ಮುಗಿಯುತ್ತಿತ್ತು. ಮೂವತ್ತೆರಡನೆಯ ವಯಸ್ಸಿನಲ್ಲಿ, ಬಲೆ ಎಳೆಯುವ ರಾಟೆ ಅದನ್ನು ತೆಗೆದುಕೊಂಡು ಹೋಗಿತ್ತು. ಅರೆಬೆರಳಿನವನನ್ನು ದೋಣಿಯವರು ಇನ್ನೊಂದೆರಡು ವರ್ಷ ಇಟ್ಟುಕೊಂಡು, ಆಮೇಲೆ ಮರ್ಯಾದೆಯಿಂದಲೇ ಬಿಟ್ಟುಬಿಟ್ಟರು. ಹೆಂಡತಿಯ ತವರಿನ ದೋಣಿಮನೆಯನ್ನು ಅಂಗಡಿ ಮಾಡಿಕೊಂಡರು. ಮೀನು ಅವನಿಗೆ ಗೊತ್ತಿತ್ತು: ಬೇಸಿಗೆಯ ಹತ್ತು ತೋಳಿನ ಬಿಳಿ ಬೊಂಡಾಸ ಗಾಜಿನಂತಿರುವಾಗಲೇ ಕೊಯ್ಯಬೇಕು, ದಪ್ಪ ಸಿಗಡಿಯ ಬಣ್ಣ ಮಧ್ಯಾಹ್ನದೊಳಗೆ ಸಾಯುತ್ತದೆ, ಚಳಿಗಾಲದ ಹಳದಿಬಾಲದ ಮೀನನ್ನು ಒಂದು ದಿನ ತಣ್ಣಗೆ ಇಟ್ಟರೆ ಬೆಣ್ಣೆಯಾಗುತ್ತದೆ. ಬಿಸಿ ಅನ್ನದ ಮೇಲೆ ಇವನ್ನೆಲ್ಲ ಹೂವಿನಂತೆ ಜೋಡಿಸಿ ಕೊಟ್ಟರೆ ಜನ ಬಾರದೆ ಇರುತ್ತಾರೆಯೇ?

ಬಂದರು. ಮೊದಲ ವರ್ಷ ತಿಂದು ಸುಮ್ಮನೆ ಹೋದರು. ಅಲೆತಡೆಯ ಬಳಿ ಒಬ್ಬ ದೋಣಿಯವನು ಮತ್ತೊಬ್ಬನಿಗೆ ಹೇಳಿದ್ದು ಹಿಸಾನೊಳ ಕಿವಿಗೆ ಬಿತ್ತು: "ಮೀನು ರಾಜ ಕಣಯ್ಯಾ. ಪಾಪ, ಕೆಸರಲ್ಲಿ ಕೂರಿಸಿದಾರೆ."

ಅವಳು ಅದನ್ನು ಗಂಡನಿಗೆ ಹೇಳಲಿಲ್ಲ. ಒಂದು ಚಳಿಗಾಲವಿಡೀ ಅಂಗಡಿ ಮುಚ್ಚಿದ ಮೇಲೆ ಹಂಡೆಯೊಂದಿಗೆ ಇದ್ದಳು. ಅಕ್ಕಿಯನ್ನು ಮೂಗಿಗೆ ಹಿಡಿದಳು, ಹಲ್ಲಿನಲ್ಲಿ ಕಡಿದಳು, ನೀರಿನಲ್ಲಿ ತೋರುಬೆರಳು ಅದ್ದಿದಳು. ಗೆಣ್ಣು ಮುಳುಗುವಷ್ಟು. ಅಷ್ಟೇ ಅವಳ ಅಳತೆ. ಉರಿ ಆರಿಸಿದ ಮೇಲೆ, ಮೀನಿನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು, ಹಂಡೆಯ ಮರದ ಮುಚ್ಚಳದ ಮೇಲೆ ಅಂಗೈ ಇಟ್ಟು, ಏನೂ ಮಾಡದೆ ಇರುತ್ತಿದ್ದಳು. ಹತ್ತು ನಿಮಿಷ ಅನ್ನ ಮುಚ್ಚಿಡಬೇಕೆಂಬುದು ಈ ದೇಶದಲ್ಲಿ ಯಾರಿಗೆ ತಿಳಿಯದು? ಅವಳು ಇಪ್ಪತ್ತೈದು ನಿಮಿಷ ಕೂರುತ್ತಿದ್ದಳು.

ಅದೊಂದನ್ನು ಮಸಾಕಿಚಿ ಎಂದೂ ಸಹಿಸಲಿಲ್ಲ.

"ಕೂತ್ಬಿಟ್ಯಾ ಮತ್ತೆ? ಹೊರಗೆ ಹನ್ನೆರಡು ಜನ ನಿಂತಿದಾರೆ!"

"ನಿಲ್ಲಲಿ."

"ನನ್ನ ಕೈಲಿ ಮೀನು ಬೆವರ್ತಾ ಇದೆ ಕಣೇ!"

"ಬೆವರಲಿ ಬಿಡಿ. ಇದು ಇನ್ನೂ ಮಾತಾಡ್ತಿದೆ," ಎನ್ನುತ್ತಿದ್ದಳು, ಮುಚ್ಚಳದಿಂದ ಕೈ ತೆಗೆಯದೆ.

*

ನೆರೆಮನೆಯ ಶಿಗೆ ಅಜ್ಜಿಗೆ ಎಂಬತ್ತೆಂಟು. ಬೊಂಡಾಸ ಒಣಗಿಸಿ ಒಣಗಿಸಿ ತಾನೂ ಒಣಗಿದವಳು. ಕೋಲೂರಿಕೊಂಡು ಅಡುಗೆಮನೆಗೆ ಬಂದು ಹಂಡೆಯೊಳಗೆ ಇಣುಕಿದಳು.

"ಏನೋ ಮಸಾ, ಸತ್ತೋಳು ಒಬ್ಳೋ, ನಲವತ್ತು ಜನವೋ? ತಲೆದೆಸೆ ಅನ್ನ ಒಂದೇ ಬಟ್ಟಲಿಂದು ಬೇಯಿಸ್ಬೇಕು. ಉಳಿಸಬಾರ್ದು. ಅಷ್ಟೂ ಗೊತ್ತಿಲ್ವಾ?"

"ಗೊತ್ತು ಅಜ್ಜಿ. ಚಿಕ್ಕ ಪಾತ್ರೆಲಿ ಅವಳು ಯಾವತ್ತಾದ್ರೂ ಮಾಡಿದ್ಲಾ? ಇದರಲ್ಲಾದ್ರೆ ನೋಡಿ ನೋಡಿ ನಂಗೆ..."

"ನೋಡಿ ನೋಡಿ? ನೀನು ಯಾವಾಗ ನೋಡ್ದೆ? ನಿನ್ನ ಬೆನ್ನು ಈ ಕಡೆಗಿರ್ತಿತ್ತು."

ಅವನು ನೀರಿನಲ್ಲಿ ಬೆರಳು ಅದ್ದಿದ. ಮೊಂಡು ಬೆರಳು. ಗೆಣ್ಣು ಎಲ್ಲಿ ಮುಳುಗಬೇಕೋ ಅಲ್ಲಿ ಬೆರಳೇ ಇರಲಿಲ್ಲ. ಬೆಳಿಗ್ಗೆ ಮೊದಲ ಸಲ ನಡುಬೆರಳು ಅದ್ದಿ ನೀರು ಹೆಚ್ಚು ಮಾಡಿದ್ದ. ಎರಡನೆಯ ಸಲ ಕೋಪದಲ್ಲಿ ಚೆಲ್ಲಿ ಕಡಿಮೆ ಮಾಡಿದ್ದ.

"ಅದು ಯಾವ ಚೀಲದ್ದು?" ಎಂದಳು ಅಜ್ಜಿ.

"ಈ ವಾರ ಗುಡ್ಡದ ಕಡೆಯಿಂದ ಬಂತಲ್ಲ, ಅದು. ಹಳೇದು ಮುಗಿದಿದೆ."

"ಅಯ್ಯೋ ಪೆದ್ದೇ. ಹೊಸ ಅಕ್ಕಿ ಅದು. ಹೊಟ್ಟೆ ಒಳಗೇ ನೀರಿಟ್ಕೊಂಡು ಬಂದಿರುತ್ತೆ. ಹಳೇ ಲೆಕ್ಕದಲ್ಲಿ ನೀರು ಹಾಕಿದ್ರೆ ಗಂಜಿ ಆಗದೆ ಪಾಯಸ ಆಗುತ್ತಾ? ಅವಳು ಪ್ರತಿ ಅಕ್ಟೋಬರ್ ಹೇಳ್ತಿದ್ಲು, ಅಜ್ಜೀ, ಇವತ್ತಿಂದ ನನ್ನ ಬೆರಳೇ ನಂಗೆ ಸುಳ್ಳು ಹೇಳುತ್ತೆ, ಅಂತ. ಸ್ವಲ್ಪ ಚೆಲ್ಲು. ಇನ್ನೂ. ಹಾಂ, ನಿಲ್ಲಿಸು."

ಆಗಲೇ ಬೀದಿಬಾಗಿಲು ಸರಿದ ಸದ್ದಾಯಿತು. ಯುಕಿನೊ ಓಡಿದಳು. ಒಸಾಕಾದಿಂದ ಬಂದ ಗಂಡಹೆಂಡಿರು, ಕೊರಳಲ್ಲಿ ಕ್ಯಾಮೆರಾ. ಬಾಗಿಲಿಗೆ ಅಂಟಿಸಿದ್ದ ಕರಿಯಂಚಿನ ಕಾಗದ ಗಾಳಿಗೆ ಮಗುಚಿಕೊಂಡಿತ್ತು.

"ಕ್ಷಮಿಸಿ, ಇವತ್ತು ಅಂಗಡಿ ಇಲ್ಲ. ಮನೇಲಿ ಸಾವಾಗಿದೆ."

"ಅಯ್ಯಯ್ಯೋ. ಯಜಮಾನ್ರಿಗಾ?"

"ಇಲ್ಲ, ನಮ್ಮಮ್ಮ."

"ಓ..." ಎಂದಳು ಆ ಹೆಂಗಸು, ನಿಜವಾಗಿಯೇ ಮರುಗಿ. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ, "ಸದ್ಯ. ಮೀನು ಕೊಯ್ಯೋರು ಇದಾರಂತೆ. ಮುಂದಿನ ತಿಂಗಳು ಬರೋಣ."

ಒಳಗೆ ಅದು ಕೇಳಿಸಿತು. ಮಸಾಕಿಚಿ ಸೌಟನ್ನು ತೊಟ್ಟಿಗೆ ಎಸೆದ. ಅದು ಎಗರಿ ನೆಲಕ್ಕೆ ಬಿತ್ತು.

"ಅವರ ಮೇಲ್ಯಾಕೆ ಸಿಟ್ಟು?" ಎಂದಳು ಶಿಗೆ ಅಜ್ಜಿ. "ಹೊರಗೆ ಬರೆಸಿರೋದು ಯಾರ ಹೆಸರು?"

ಅಂತ್ಯಸಂಸ್ಕಾರದ ಕಂಪನಿಯ ಕುವಾಟ ಬಂದದ್ದು ಆಗ. ಐವತ್ತರ ಆಸುಪಾಸಿನ, ಬಿಳಿಯ ಕೈಗವಸಿನ ಮನುಷ್ಯ. ಗಡಿಯಾರ ನೋಡದೆ ನೋಡುವುದನ್ನು ಕಲಿತಿದ್ದ.

"ಯಜಮಾನ್ರೇ, ಅಮ್ಮಾವ್ರ ಊಟದ ಬಟ್ಟಲು ಕೇಳಿದ್ದೆ. ಈಗ ಇಟ್ಟಿರೋದು ನಮ್ಮ ಕಂಪನೀದು. ಪೆಟ್ಟಿಗೆ ಹೊಸಿಲು ದಾಟುವಾಗ ಅವರು ದಿನಾ ಉಣ್ತಿದ್ದ ಬಟ್ಟಲನ್ನೇ ಒಡೀಬೇಕಲ್ಲ. ಇನ್ನು ಈ ಮನೇಲಿ ನಿಮಗೆ ಊಟ ಇಲ್ಲ, ನಿಶ್ಚಿಂತೆಯಿಂದ ಹೋಗಿ ಅಂತ."

"ಯುಕಿ, ಅಮ್ಮನ ಬಟ್ಟಲು ಕೊಡು," ಎಂದ ಮಸಾಕಿಚಿ.

ಮಗಳು ಕಪಾಟು ತೆರೆದಳು. ಗಿರಾಕಿಗಳ ದೊಡ್ಡ ಬಟ್ಟಲುಗಳು ಸಾಲುಸಾಲಾಗಿ, ಒಂದರೊಳಗೊಂದು ಮಲಗಿ, ನೂರೆಂಬತ್ತಿದ್ದವು. ಅಪ್ಪನ ಕರಿಯ ಬಟ್ಟಲಿತ್ತು. ತಾನು ಚಿಕ್ಕವಳಿದ್ದಾಗಿನ ಮೊಲದ ಚಿತ್ರದ ಬಟ್ಟಲಿತ್ತು. ಯುಕಿನೊ ಹಿಂದಿನ ಸಾಲಿಗೆ ಕೈಹಾಕಿ ತಡಕಾಡಿದಳು. ಕೈ ಬರಿದಾಗಿ ಹೊರಬಂತು.

"ಅಪ್ಪಾ, ಅಮ್ಮನ್ದು ಯಾವುದು?"

"ಯಾವುದು ಅಂದ್ರೆ? ಅವಳು ತಿಂತಿದ್ದಿದ್ದು."

"ಅದೇ ಕೇಳ್ತಿರೋದು. ಅಮ್ಮ ಯಾವುದರಲ್ಲಿ ತಿಂತಿದ್ಲು?"

ಮಸಾಕಿಚಿ ಕಪಾಟಿನೊಳಕ್ಕೆ ತಾನೂ ಬಗ್ಗಿದ. ಹೆಂಡತಿ ಹಂಡೆಯ ತಳ ಕೆರೆಯುತ್ತಿದ್ದದ್ದು ನೆನಪಿತ್ತು. ಸೀದ ಅನ್ನವನ್ನು ಉಪ್ಪುಗೈಯಿಂದ ಉಂಡೆ ಕಟ್ಟುತ್ತಿದ್ದದ್ದು ನೆನಪಿತ್ತು. ಕೂತು, ಮುಂದೆ ಬಟ್ಟಲಿಟ್ಟುಕೊಂಡು ಉಂಡದ್ದು? ನೆನಪು ಅಡುಗೆಮನೆಯ ಪರದೆಯ ತನಕ ಹೋಗಿ ಅಲ್ಲಿ ನಿಂತುಬಿಡುತ್ತಿತ್ತು.

"ನಿಂಗೆ ಗೊತ್ತಿರ್ಬೇಕು," ಎಂದ ಮಗಳಿಗೆ. "ಹೆಣ್ಮಗಳು ನೀನು."

"ಗಂಡ ನೀನು!" ಎಂದಳು ಯುಕಿನೊ. "ಒಂದೇ ಸೂರಿನಡಿ ನಲವತ್ತೊಂದು ವರ್ಷ ಇದ್ದಿದ್ದು ನೀನು. ನಾನಲ್ಲ!"

ಕುವಾಟ ನೆಲ ನೋಡುತ್ತ, ಇಂಥದನ್ನು ಬಹಳ ಮನೆಗಳಲ್ಲಿ ಕಂಡವನಂತೆ, "ಯಾವುದಾದ್ರೂ ಒಂದು ಒಳ್ಳೇದು ಕೊಟ್ರೆ..." ಎಂದ.

"ಸುಮ್ನಿರಪ್ಪಾ ನೀನು," ಎಂದಳು ಶಿಗೆ ಅಜ್ಜಿ. ಕೋಲೂರಿಕೊಂಡು ಹೋದವಳು ಹತ್ತು ನಿಮಿಷದಲ್ಲಿ ಒಂದು ಕೈವಸ್ತ್ರದ ಗಂಟು ಹಿಡಿದು ಬಂದಳು. ಗಂಟಿನಲ್ಲಿ ಒಂದು ಚಿಕ್ಕ ಬಟ್ಟಲು: ಬಿಳಿ, ಬಾಯಂಚಿಗೆ ಒಂದು ನೀಲಿ ಗೆರೆ, ಒಂದು ಕಡೆ ಚೂರು ಸಿಡಿದಿತ್ತು.

"ಮಧ್ಯಾಹ್ನ ಮೂರಕ್ಕೆ ನೀನು ಅಂಗಡಿ ಮುಚ್ಚಿ ಮಲಗ್ತಿದ್ಯಲ್ಲ. ಆಗ ನಮ್ಮನೆ ಜಗಲೀಲಿ ಕೂತು ಉಣ್ತಿದ್ಲು. ಅನ್ನ, ನನ್ನ ಉಪ್ಪಿನಕಾಯಿ. ಮೀನು ಮುಟ್ಟಿದ್ದು ನಾ ಕಾಣೆ. ಇಪ್ಪತ್ತು ವರ್ಷದಿಂದ ಈ ಬಟ್ಟಲು ನಮ್ಮನೇಲೇ ಇದೆ."

ಮಸಾಕಿಚಿ ಬಟ್ಟಲನ್ನು ತೆಗೆದುಕೊಂಡ. ಅವನ ಅಂಗೈಯಲ್ಲಿ ಅದು ಪೂರ್ತಿ ಮುಚ್ಚಿಹೋಯಿತು.

"ಒಂದು ಮಾತು ಹೇಳ್ಬಾರ್ದಿತ್ತಾ ಅಜ್ಜಿ, ನಂಗೆ?"

"ಏನಂತ? ನಿನ್ನ ಹೆಂಡ್ತಿ ಅನ್ನ ತಿಂತಾಳೆ ಅಂತಾನಾ?"

*

ಹದಿನೈದು ವರ್ಷದ ಹಿಂದೆ ಟೀವಿಯವರು ಬಂದಿದ್ದರು. ಮೂವರು ಗಂಡಸರು, ಎರಡು ದೀಪ, ಕಿತ್ತಳೆ ಬಣ್ಣದ ಅಂಗಿಯ ಒಬ್ಬ ಹುಡುಗಿ. ಮಸಾಕಿಚಿ ತಲೆಗೆ ಬಿಳಿಯ ಬಟ್ಟೆ ಬಿಗಿದುಕೊಂಡು, ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ಜೋಡಿಸದ ಬಟ್ಟಲೊಂದನ್ನು ಜೋಡಿಸಿದ: ಅಂಚಿನಲ್ಲಿ ಬೊಂಡಾಸದ ನೂಲು, ನಡುವೆ ಸಿಗಡಿ, ಒಂದು ಪಕ್ಕ ಕೆಂಪು ಮೀನು, ಮೇಲೆ ಸೂರ್ಯನ ಹನಿಗಳಂತೆ ಮೀನಿನ ತತ್ತಿ. ಹುಡುಗಿ ಕಣ್ಣುಮುಚ್ಚಿ ಅಗಿದಳು.

"ಸಮುದ್ರಾನೇ ಬಾಯಲ್ಲಿ ಕರಗಿದ ಹಾಗಿದೆ!" ಎಂದಳು ಕ್ಯಾಮೆರಾಕ್ಕೆ. ಅದು ಮುಗಿಯಿತು. ದೀಪಗಳನ್ನು ಆರಿಸಿದರು. ಆಮೇಲೆ ಆ ಹುಡುಗಿ ಬಟ್ಟಲನ್ನು ಕೆಳಗಿಡಲೇ ಇಲ್ಲ. ಮೀನು ಮುಗಿದಿತ್ತು, ಬರಿಯ ಅನ್ನವನ್ನು ಒಂದಗುಳೂ ಬಿಡದೆ ತಿಂದಳು. ತಿಂದು ಕೇಳಿದಳು: "ಯಜಮಾನ್ರೇ, ಈ ಅನ್ನ ಯಾರು ಮಾಡೋದು?"

ಮಸಾಕಿಚಿ ಅಂದು ಉಬ್ಬಿಹೋಗಿದ್ದ.

"ಅನ್ನಾನಾ? ಅದು ನನ್ನ ಹೆಂಡ್ತಿ. ಅನ್ನಕ್ಕೆ ಅಂತ ಯಾರು ಬರ್ತಾರೆ ಬಿಡಮ್ಮಾ. ಅನ್ನ ಅಂದ್ರೆ ಮೀನಿಗೆ ಹಾಸಿಗೆ ಇದ್ದಂಗೆ."

ಎಲ್ಲರೂ ನಕ್ಕರು. ಪರದೆಯ ಹಿಂದೆ ಹಂಡೆ ತೊಳೆಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು. ಆ ಒಂದು ಕ್ಷಣವನ್ನು ಮಸಾಕಿಚಿ ಹದಿನೈದು ವರ್ಷ ಗಮನಿಸಿರಲಿಲ್ಲ. ಇಂದು, ಅಕ್ಕಿ ನೆನೆಯುವ ಹಂಡೆಯ ಮುಂದೆ ನಿಂತವನಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

*

ಭಿಕ್ಷುಗಳು ತಡಮಾಡಿದರು. ಹನ್ನೊಂದಕ್ಕೆ ಬರಬೇಕಾದವರು ಹನ್ನೊಂದೂ ಇಪ್ಪತ್ತಕ್ಕೆ ಬಂದರು. ಮಸಾಕಿಚಿ ಉರಿ ಹಚ್ಚಿ, ಶಿಗೆ ಅಜ್ಜಿಯನ್ನು ಕಾವಲಿಗೆ ಕೂರಿಸಿ, ಒಳಕೋಣೆಗೆ ಹೋಗಿ ಮುಂದಿನ ಸಾಲಿನಲ್ಲಿ ಮೊಣಕಾಲೂರಿದ. ಮಂತ್ರದ ಮರದ ಬಡಿತ ಟಕ್ ಟಕ್ ಎಂದು ನಡೆಯುತ್ತಿತ್ತು. ಅವನ ಕಿವಿ ಅಡುಗೆಮನೆಯಲ್ಲಿತ್ತು. ಮುಚ್ಚಳ ಕುಣಿಯಲು ಹತ್ತಿದ ಸದ್ದು, ನೊರೆ ಉಕ್ಕಿ ಒಲೆಗೆ ಬಿದ್ದ ಚುಂಯ್. ಹಿಂದಿನ ಸಾಲಿನಲ್ಲಿ ಮೀನುಗಾರರ ಸಂಘದ ಇಬ್ಬರು ಪಿಸುಗುಟ್ಟುತ್ತಿದ್ದರು.

"ಒಳ್ಳೇ ಹೆಂಗಸು. ಒಂದು ಮಾತಿಲ್ಲ ಕತೆಯಿಲ್ಲ."

"ಹೌದು. ಮಸಾನ ಮೀನಿಗೆ ಮಾತ್ರ ಸಾಟಿಯಿಲ್ಲ ಬಿಡು."

ಮಸಾಕಿಚಿ ತಿರುಗಿದ. ಕೈಯಲ್ಲಿ ಜಪಮಣಿ ಇತ್ತು. ಇಲ್ಲದಿದ್ದರೆ ಏನನ್ನೋ ಎಸೆಯುತ್ತಿದ್ದ. ಅವರು ಬೆಚ್ಚಿ ತಲೆತಗ್ಗಿಸಿದರು.

ಮಂತ್ರ ಮುಗಿಯಿತು, ಒಬ್ಬೊಬ್ಬರಾಗಿ ಧೂಪ ಹಾಕಿದರು. ಹನ್ನೆರಡೂ ಕಾಲಕ್ಕೆ ಅವನು ಅಡುಗೆಮನೆಗೆ ಬಂದಾಗ ಶಿಗೆ ಅಜ್ಜಿ ಆಗತಾನೇ ಉರಿ ಆರಿಸಿ ಬೋರಲು ಬುಟ್ಟಿಯ ಮೇಲೆ ಕೂತಿದ್ದಳು.

"ಈಗ ಮುಟ್ಬೇಡ. ಕೂತ್ಕೋ," ಎಂದಳು.

ಬಾಗಿಲಲ್ಲಿ ಕುವಾಟ. "ಯಜಮಾನ್ರೇ, ಪೆಟ್ಟಿಗೆಗೆ ಹೂವು ಹಾಕ್ತಿದಾರೆ. ಮುಚ್ಚಳ ಹಾಕೋ ಮುಂಚೆ ಅನ್ನ ಇಡೋದಾದ್ರೆ ಈಗ್ಲೇ."

"ಇಪ್ಪತ್ತು ನಿಮಿಷ."

"ಚಿತಾಗಾರದಲ್ಲಿ ನಮ್ಮ ಸರದಿ ಒಂದು ಗಂಟೆಗೆ. ಅಲ್ಲಿಗೆ ಇಪ್ಪತ್ತೈದು ನಿಮಿಷದ ದಾರಿ. ತಪ್ಪಿದ್ರೆ ನಾಳೆಯೇ."

"ಹತ್ತು!"

"ಯಜಮಾನ್ರೇ," ಎಂದ ಕುವಾಟ. ಅವನ ಧ್ವನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಸಹಿಸಲಾಗದ್ದು. "ಮೊನ್ನೆ ನಾವಿಟ್ಟ ಅನ್ನ ಇದೆಯಲ್ಲ. ಅದರಲ್ಲಿ ಕಡ್ಡಿ ನೆಟ್ಟಗೆ ನಿಂತಿದೆ."

ಮಸಾಕಿಚಿ ಹಂಡೆಯ ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿಬಿಟ್ಟ.

ಬಿಳಿಯ ಹಬೆ ಅವನ ಮುಖಕ್ಕೆ ಹೊಡೆದು ಮಾಳಿಗೆಗೆ ಏರಿತು. ಮೇಲೆ ಇನ್ನೂ ನೀರಿನ ಹೊಳಪಿತ್ತು. ಮರದ ಸೌಟಿನಿಂದ ತೋಡಿ ನೀಲಿಗೆರೆಯ ಬಟ್ಟಲಿಗೆ ಒತ್ತಿ ಒತ್ತಿ ತುಂಬಿದ. ಮೈ ಒದ್ದೆ, ಒಳಗೆ ಗಟ್ಟಿ; ಅಗುಳು ಅಗುಳಿಗೆ ಅಂಟುತ್ತಿರಲಿಲ್ಲ. ಗೋಪುರ ಕಟ್ಟಿದರೆ ಒಂದು ಬದಿ ಕುಸಿಯಿತು. ಮತ್ತೆ ಕಟ್ಟಿದ. ಅವನ ಬೆರಳುಗಳು, ಬೊಂಡಾಸವನ್ನು ನೂಲಿನಷ್ಟು ಸಣ್ಣಗೆ ಕೊಯ್ಯುವ ಬೆರಳುಗಳು, ಬೆಂದು ಕೆಂಪಾದವು.

ಹೆಂಡತಿಯ ತಲೆದೆಸೆಯಲ್ಲಿ ಬಟ್ಟಲಿಟ್ಟು ಕಡ್ಡಿಗಳನ್ನು ನೆಟ್ಟ. ಅವು ನಿಧಾನವಾಗಿ ವಾಲಿದವು. ಎತ್ತಿ ಇನ್ನಷ್ಟು ಆಳಕ್ಕೆ ಚುಚ್ಚಿದ. ಒಂದು ಕ್ಷಣ ನಿಂತು, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ, ಜಗಳವಾಡಿದವರಂತೆ ಬೇರೆಬೇರೆಯಾಗಿ ಒರಗಿದವು. ಜನರೆಲ್ಲ ನೋಡುತ್ತಿದ್ದರು. ಮೂರನೆಯ ಸಲ ನೆಟ್ಟಾಗ ಅನ್ನವೇ ಹಾಸಿನ ಮೇಲೆ ಉದುರಿತು.

"ನಿಲ್ಲೇ!" ಎಂದ ಅವನು. ಯಾರಿಗೆ ಹೇಳಿದನೋ. "ಒಂದು ಗಳಿಗೆ ನಿಲ್ಲೇ!"

ಯುಕಿನೊ ಬಂದು ಪಕ್ಕದಲ್ಲಿ ಮೊಣಕಾಲೂರಿದಳು. ಎರಡು ಬೆರಳಿನಿಂದ ಕಡ್ಡಿಗಳನ್ನು ನೆಟ್ಟಗೆ ಹಿಡಿದುಕೊಂಡಳು. ಅವಳು ಹಿಡಿದಿರುವಷ್ಟು ಹೊತ್ತು ಅವು ನಿಂತವು. ಕುವಾಟ ಕಣ್ಣಿನಲ್ಲೇ ಹತ್ತು ಎಣಿಸಿರಬೇಕು. ಆಮೇಲೆ ಅನ್ನವನ್ನು ಬಿಳಿಯ ಕಾಗದದಲ್ಲಿ ಸುತ್ತಿ, ಸೇವಂತಿಗೆಗಳ ನಡುವೆ, ಹಿಸಾನೊಳ ಬಲಗೈಯ ಬಳಿ ಇಟ್ಟರು. ಆ ಕೈಯ ತೋರುಬೆರಳು ಬಿಸಿನೀರಿಗೆ, ತಣ್ಣೀರಿಗೆ ಬೆಂದು ಬೆಂದು ಉಳಿದ ಬೆರಳುಗಳಿಗಿಂತ ಬಿಳಿಚಿತ್ತು. ಮುಚ್ಚಳ ಹಾಕಿದರು.

ಪೆಟ್ಟಿಗೆ ನೀಲಿ ಪರದೆಯ ಕೆಳಗೆ ತಲೆತಗ್ಗಿಸಿ ಹೊಸಿಲು ದಾಟಿತು. ಕುವಾಟ ಬಟ್ಟಲನ್ನು ಮಸಾಕಿಚಿಯ ಕೈಗೆ ಕೊಟ್ಟ. ಬಟ್ಟಲಿನಲ್ಲಿ ಇನ್ನೂ ಬಿಸಿಯಿತ್ತು.

"ಒಡಿಯೋ ಮಸಾ," ಎಂದಳು ಶಿಗೆ ಅಜ್ಜಿ ಒಳಗಿನಿಂದ. "ಇಟ್ಕೊಂಡ್ರೆ ಅವಳು ಹಸಿವಾದಾಗೆಲ್ಲ ಬರ್ತಾಳೆ."

ಅವನು ಅದನ್ನು ಬಾಗಿಲ ಕಲ್ಲಿಗೆ ಅಪ್ಪಳಿಸಿದ. ಅಷ್ಟು ಜೋರು ಬೇಕಿರಲಿಲ್ಲ. ಚೂರುಗಳು ಬೀದಿಯ ಆಚೆಗೂ ಹಾರಿದವು. ಹೆಣದ ಗಾಡಿ ಬಂದರಿಗೆಲ್ಲ ಕೇಳಿಸುವಂತೆ ಉದ್ದವಾಗಿ ಕೂಗಿ ಹೊರಟಿತು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಚಹಾ ಕೊಟ್ಟರು. ಕಿಟಕಿಯಾಚೆ ಗುಡ್ಡ, ಗುಡ್ಡದ ಕೆಳಗೆ ಕೊಯ್ಲಾದ ಗದ್ದೆಗಳು. ಆ ಚೀಲ ಬಂದದ್ದು ಅಲ್ಲಿಂದಲೇ.

ಸಾಯುವ ಹಿಂದಿನ ಸಂಜೆ ಚೀಲ ಬಂದಿತ್ತು. ಪ್ರತಿ ವರ್ಷದಂತೆ ಹಿಸಾನೊ ಅಂದೇ ಹಂಡೆ ತುಂಬ ಬೇಯಿಸಿದ್ದಳು. ಹಂಡೆ ತುಂಬ ಬೇಯಿಸಿದರೆ ಮಾತ್ರ ಆ ವರ್ಷದ ನೀರು ತಿಳಿಯುವುದೆಂದು. ಬೇಯಿಸಿ, ಕೂತು, ಎದ್ದು, ಒಂದು ಸೌಟು ಬಿಳಿಯ ಅನ್ನವನ್ನು ಚಿಕ್ಕ ತಟ್ಟೆಗೆ ಹಾಕಿಕೊಂಡು ಬಂದಳು. ಮೇಲೆ ಏನೂ ಇಲ್ಲ.

"ಸ್ವಲ್ಪ ಬಾಯಿಗೆ ಹಾಕ್ಕೊಂಡು ನೋಡಿ. ಈ ವರ್ಷದ್ದು ಚೆನ್ನಾಗಿದೆ."

ಅವನು ನಾಳೆಗೆಂದು ಬೊಂಡಾಸದ ತೊಗಲು ಸುಲಿಯುತ್ತಿದ್ದ.

"ಕೈಯೆಲ್ಲ ಮೀನು. ಅಲ್ಲಿಡು."

"ನಾನೇ ಬಾಯಿಗೆ ಹಾಕ್ಲಾ?"

"ಅಲ್ಲಿಡು ಅಂದ್ನಲ್ಲ! ಅನ್ನ ತಾನೇ, ಎಲ್ಲಿ ಓಡಿಹೋಗುತ್ತೆ?"

ಅವಳು ಹಲಗೆಯ ಅಂಚಿಗೆ ಇಟ್ಟಳು. ಅವನು ಕೆಲಸ ಮುಗಿಸಿ, ಕೈ ತೊಳೆದು, ಮಲಗಲು ಹೋದ. ಬೆಳಿಗ್ಗೆ ಐದಕ್ಕೆ ಹಂಡೆಯ ಬಳಿ ಬುಟ್ಟಿಯ ಸಮೇತ ಏನೋ ಉರುಳಿದ ಸದ್ದು ಕೇಳಿ ಬಂದಾಗ ಹಲಗೆಯ ಮೇಲೆ ತಟ್ಟೆ ಅಲ್ಲೇ ಇತ್ತು. ಅಗುಳುಗಳು ಒಣಗಿ ಗಾಜಾಗಿದ್ದವು. ವೈದ್ಯರು ಬಂದುಹೋದ ಮೇಲೆ ಯಾರೋ ಅದನ್ನು ತೊಳೆದಿಟ್ಟರು.

"ಅಪ್ಪಾ," ಎಂದಳು ಯುಕಿನೊ. "ಕರೀತಿದಾರೆ."

ಕಬ್ಬಿಣದ ತಟ್ಟೆಯ ಮೇಲೆ ಹಿಸಾನೊ ಬಿಳಿಯ, ಹಗುರಾದ ಕೆಲವು ತುಂಡುಗಳಾಗಿದ್ದಳು. ಒಬ್ಬೊಬ್ಬರ ಕೈಯಲ್ಲೂ ಒಂದು ಬಿದಿರಿನ ಕಡ್ಡಿ, ಒಂದು ಮರದ ಕಡ್ಡಿ. ತಂದೆಮಗಳು ಒಂದೇ ಎಲುಬನ್ನು ಇಬ್ಬರೂ ಕಡ್ಡಿಗಳಿಂದ ಹಿಡಿದು ಅಸ್ಥಿಯ ಕುಂಡಕ್ಕೆ ಇಳಿಸಿದರು. ಮಸಾಕಿಚಿಯ ಅರೆಬೆರಳಿನ ಹಿಡಿತ ಜಾರಿತು, ಯುಕಿನೊ ಬಿಡಲಿಲ್ಲ.

*

ಮನೆಗೆ ಮರಳಿದಾಗ ಮೂರು ದಾಟಿತ್ತು. ಬಾಗಿಲಲ್ಲಿ ಮೈಲಿಗೆ ಕಳೆಯಲು ಭುಜಕ್ಕೆ ಉಪ್ಪು ಚಿಮುಕಿಸಿಕೊಂಡು ಎಲ್ಲರೂ ಒಳಬಂದರು. ಚೂರುಗಳನ್ನು ಯಾರೋ ಗುಡಿಸಿದ್ದರು. ಸಂಘದವರು ಬಂದರಿನಿಂದ ದೊಡ್ಡ ತಟ್ಟೆಯಲ್ಲಿ ಮೀನು ತರಿಸಿದ್ದರು. ಸೂತಕದ ಸಪ್ಪೆಯೂಟ ಮುಗಿಸಿ ಮೀನು ಮುಟ್ಟುವ ಹೊತ್ತು. ಮೇಜುಗಳ ಮುಂದೆ ಕೂತವರಿಗೆ ಹಸಿವಾಗಿತ್ತು, ಹಸಿವಾಗಿದ್ದಕ್ಕೆ ನಾಚಿಕೆಯೂ ಆಗಿತ್ತು.

"ಮಸಾ, ನೀನೇ ಕೊಯ್ದು ಕೊಡಬೇಕು ಕಣಪ್ಪಾ. ಹಿಸಾನೊ ಅವರ ಹೆಸರಲ್ಲಿ ಒಂದೊಂದು ಬಟ್ಟಲು."

"ಮೀನಿದೆ. ಅನ್ನ?" ಎಂದ ಇನ್ನೊಬ್ಬ.

ಆ ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಹಿಂದೆ ಕೇಳಿರಲಿಲ್ಲ.

"ಅಕ್ಕಪಕ್ಕದಿಂದ ತರ್ಸೋಣ," ಎಂದಳು ಯುಕಿನೊ, ಏಳುತ್ತ.

"ಹಂಡೇಲಿರೋದನ್ನ ಎಸೀಬೇಕು. ಮೊದಲು ಅದು," ಎಂದ ಮಸಾಕಿಚಿ. ಪರದೆ ಸರಿಸಿ ಅಡುಗೆಮನೆಗೆ ಹೋದ.

ಮನೆ ಕಾಯಲು ಉಳಿದಿದ್ದ ಶಿಗೆ ಅಜ್ಜಿ ಹಿತ್ತಿಲ ಬಾಗಿಲಿಗೆ ಒರಗಿ ನಿದ್ದೆಹೋಗಿದ್ದಳು. ಒಲೆಯ ಮೇಲೆ ಹಂಡೆ ಇರಲಿಲ್ಲ. ಅದು ಬೋರಲು ಬುಟ್ಟಿಯ ಮೇಲಿತ್ತು. ಚಳಿಗಾಲದ ನಸುಕುಗಳಲ್ಲಿ ಹಿಸಾನೊ ತೊಡುತ್ತಿದ್ದ, ಹತ್ತಿ ತುಂಬಿದ ಕಂದು ಅಂಗಿಯನ್ನು ಯಾರೋ ಅದಕ್ಕೆ ಸುತ್ತಿ, ತೋಳುಗಳನ್ನು ಮುಂದೆ ತಂದು ಗಂಟು ಹಾಕಿದ್ದರು. ಸಂಜೆಯ ಅಡ್ಡ ಬಿಸಿಲಿನಲ್ಲಿ ಅದು ಒಂದು ಕಡೆ ಸ್ವಲ್ಪ ವಾಲಿ ಕೂತಿತ್ತು.

"ಕೂತ್ಬಿಟ್ಯಾ ಮತ್ತೆ," ಎಂದು ಅವನ ಬಾಯಿಂದ ಬಂದುಬಿಟ್ಟಿತು. ಅರ್ಧದಲ್ಲೇ ನಿಂತಿತು.

ತೋಳಿನ ಗಂಟು ಬಿಚ್ಚಿದ. ಮುಚ್ಚಳದ ಮೇಲೆ ಅಂಗೈ ಇಟ್ಟ. ಮರ ಬೆಚ್ಚಗಿತ್ತು. ತೆಗೆದ.

ಹಬೆ ಏಳಲಿಲ್ಲ. ಒಂದು ವಾಸನೆ ಎದ್ದಿತು, ನಲವತ್ತೊಂದು ವರ್ಷ ಬೆನ್ನ ಹಿಂದಿನಿಂದ ಬರುತ್ತಿದ್ದುದು. ಹಂಡೆಯ ಒಳಮೈಗೆ ಒಂದು ತೊಟ್ಟು ನೀರಿರಲಿಲ್ಲ. ಅಗುಳುಗಳು ಒಂದರ ಹೆಗಲಿಗೆ ಒಂದು ತಾಗಿಯೂ ತಾಗದಂತೆ, ಒಂದೊಂದೂ ತನ್ನಷ್ಟಕ್ಕೆ ಬಿಳಿಯಾಗಿ, ಎದ್ದು ನಿಂತಿದ್ದವು.

"ಮಸಾ! ಅನ್ನದ ಗತಿ ಏನಾಯ್ತು?" ಆಚೆಯಿಂದ ಯಾರೋ ಕೂಗಿದರು.

ಅವನು ಹಲಗೆಯ ಕಡೆ ತಿರುಗಿದ. ಅದರ ಮೇಲೆ, ತಲೆದೆಸೆಯಿಂದ ಯಾರೋ ತಂದಿಟ್ಟ ಆ ಜೋಡಿ ಕಡ್ಡಿಗಳು ಹಾಗೇ ಬಿದ್ದಿದ್ದವು. ಒಂದು ತುತ್ತು ಎತ್ತಲೆಂದು ತೆಗೆದುಕೊಂಡು, ಅನ್ನಕ್ಕೆ ಚುಚ್ಚಿದ. ಅರೆಬೆರಳಿನ ಹಿಡಿತ ಜಾರಿತು.

ಕಡ್ಡಿಗಳು ನೆಟ್ಟಗೆ, ಒಂದಿಷ್ಟೂ ವಾಲದೆ, ನಿಂತವು.